ಎರಡನೆಯ ಕಾಯಿ

ನಮ್ಮ ಓಣಿಯಲ್ಲಿ ಮಾತಾಡಬೇಕಾದರೆ ಇನ್ನೂ ಕೂಗಬೇಕಾಗಿರಲಿಲ್ಲ, ಅಂಥ ದಿನಗಳವು. ಬನಹಟ್ಟಿಯಲ್ಲಿ ಆಗ ಪವರ್‌ಲೂಮು ಎಲ್ಲೋ ಒಂದೊಂದು ಮನೆಗೆ ಬಂದಿತ್ತು. ಉಳಿದಲ್ಲೆಲ್ಲ ಕೈಮಗ್ಗ. ಲಾಳಿ ಆ ದಡದಿಂದ ಈ ದಡಕ್ಕೆ ಓಡುವ ಸಪ್ಪಳ, ಯಾರದೋ ಕೆಮ್ಮು, ಯಾರದೋ ಹಾಡು ಎಲ್ಲವೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಮುಂಜಾನೆ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಓಣಿ ತುಂಬ ಹರಡಿರುತ್ತಿತ್ತು. ಅದರ ಮೇಲೆ ರೊಟ್ಟಿ ಸುಡುವ ವಾಸನೆ ಬಂತೆಂದರೆ ಮಕ್ಕಳಿಗೆ ಸಾಲಿಗೆ ಹೋಗುವ ಹೊತ್ತಾಯಿತು ಎಂದು ಲೆಕ್ಕ.

ಈಗ ನಾನು ಮುಧೋಳದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿವರ್ಷ ಅದೇ ಪ್ರಶ್ನೆ: ಇತಿಹಾಸದ ಆಧಾರಗಳು ಯಾವುವು? ಪ್ರತಿವರ್ಷ ಅದೇ ಉತ್ತರ: ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಮೌಖಿಕ ಆಧಾರ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾನು ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತೇನೆ. ಕೈ ಸೋತಿದೆ, ಖರೆ ಹೇಳಬೇಕೆಂದರೆ ಮನಸ್ಸು ಅದಕ್ಕಿಂತ ಹೆಚ್ಚು ಸೋತಿದೆ. ಆ ಉತ್ತರ ಕಣ್ಣಿಗೆ ಬಿದ್ದಾಗೆಲ್ಲ ನನಗೆ ನಮ್ಮ ಮನೆಯ ಒಳಕೋಣೆ ನೆನಪಾಗುತ್ತದೆ. ಒಂದು ಮಾನೌಮಿ ಹಬ್ಬದ ಮುಂಚೆ ಆ ಕೋಣೆಯ ನೆಲ ಅಗೆದಿದ್ದರು.

ನಮ್ಮದು ನೇಕಾರರ ಮನೆ. ಅಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿದ್ದ, ದೀಪಾವಳಿಗೆ ಮಾತ್ರ ಬರುತ್ತಿದ್ದ. ಮನೆ ನಡೆಸುತ್ತಿದ್ದವನು ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ದೊಡ್ಡವ್ವ ಬಾಣಂತನಕ್ಕೆ ಲೋಕಾಪುರದ ತವರಿಗೆ ಹೋಗಿದ್ದಳು. ಹೀಗಾಗಿ ಆ ಮಳೆಗಾಲದ ಕೊನೆಗೆ ಮನೆಯಲ್ಲಿದ್ದದ್ದು ದೊಡ್ಡಪ್ಪ, ಅವನ ತಾಯಿಯಾದ ನಮ್ಮ ಆಯಿ, ನನ್ನ ಅವ್ವ ಮತ್ತು ನಾನು. ಮಾಳಿಗೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಒಬ್ಬ ಮಾಸ್ತರರಿದ್ದರು. ಬೀಳಗಿ ಕಡೆಯವರು, ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ನಾವು ಕರೆಯುತ್ತಿದ್ದದ್ದು ಬೀಳಗಿ ಮಾಸ್ತರ ಎಂದೇ. ಆದರೆ ಅವರ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವರ ಹೆಸರು, ಅವರಪ್ಪನ ಹೆಸರು, ಮನೆತನದ ಹೆಸರು ಮೂರೂ ಸಾಲಾಗಿ ಬರೆದಿದ್ದವು.

ಮಾಸ್ತರರಿಗೆ ಒಂದು ಚಟ. ಯಾರು ಏನೇ ಹೇಳಲಿ, "ಹೆಂಗ ಗೊತ್ತು?" ಅನ್ನುವರು. ಬಸವಣ್ಣನ ಗುಡಿ ಭಾಳ ಹಳೇದು ಅಂದರೆ ಹೆಂಗ ಗೊತ್ತು, ನಿನ್ನೆ ಜಮಖಂಡಿಯಲ್ಲಿ ಮಳೆಯಾತು ಅಂದರೆ ಹೆಂಗ ಗೊತ್ತು. ಒಮ್ಮೆ ಅವ್ವ ಪುಂಡಿ ಪಲ್ಯ ಬಡಿಸುತ್ತ, "ಉಪ್ಪ ಕಮ್ಮಿ ಆಗೇತ್ರಿ ಮಾಸ್ತರ" ಅಂದಳು. ಅವರು ಬಾಯಿ ತೆರೆಯುವುದರೊಳಗೆ ಆಯಿ, "ಹೆಂಗ ಗೊತ್ತ ಅನಬ್ಯಾಡಪಾ, ತಿಂದ ನೋಡು" ಅಂದಿದ್ದಳು. ಆಮೇಲೆ ಬಹಳ ದಿನ ಅದೇ ಚೇಷ್ಟೆ. ನನಗೆ ಮಾತ್ರ ಆ ಪ್ರಶ್ನೆ ಹಿಡಿಸಿತ್ತು. ಸಾಲಿಯಲ್ಲಿ ಕೇಳಿ ಪೆಟ್ಟು ತಿಂದದ್ದೂ ಉಂಟು.

ನಮ್ಮ ಮನೆತನಕ್ಕೆ ಒಂದು ದೊಡ್ಡ ಹೆಸರಿತ್ತು, ಅದು ಮಲ್ಲಪ್ಪಜ್ಜನದು. ದೊಡ್ಡಪ್ಪನ ಅಜ್ಜ. ಆತ ನೇಯ್ದ ಸೆರಗಿಗೆ ಜಮಖಂಡಿಯ ಅರಮನೆ ಮಂದಿಯೂ ದಾರಿ ಕಾಯುತ್ತಿದ್ದರೆಂದು ನಾವು ಹೇಳಿಕೊಳ್ಳುತ್ತಿದ್ದೆವು. ಆತ ಭಾರೀ ಎತ್ತರದ ಆಳು. ಆತ ಬಗ್ಗಬಾರದೆಂದು ನಮ್ಮ ತಲಬಾಗಿಲನ್ನು ಓಣಿಯ ಎಲ್ಲ ಬಾಗಿಲುಗಳಿಗಿಂತ ಎತ್ತರ ಕಟ್ಟಿಸಿದ್ದರು, ಅದನ್ನು ಬಂದವರಿಗೆಲ್ಲ ತೋರಿಸುವುದೊಂದು ರೂಢಿ. ಪಡಸಾಲೆಯ ಮಗ್ಗದ ಕುಣಿ, ನೇಯುವವರು ಕಾಲು ಇಳಿಬಿಡುವ ತಗ್ಗು, ಆತನದು. ಹಳೆಯ ಧೋತರದಲ್ಲಿ ಸುತ್ತಿಟ್ಟ ಒಂದು ಸೀರೆಯಿತ್ತು, ದಾಳಿಂಬೆ ಬಣ್ಣದ ದಡಿ, ಅದು ಆತನ ಮುದಿವಯಸ್ಸಿನ ಕೈಕೆಲಸ. ಮನೆಗೆ ಬಂದ ಸೊಸೆಯರ ಹೆಗಲ ಮೇಲೆ ಅದನ್ನು ಒಂದು ಗಳಿಗೆ ಹೊದಿಸಿ ಮತ್ತೆ ಮಡಿಸಿಡುತ್ತಿದ್ದರು.

ಮಾನೌಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಆತನ ಲಾಳಿಯನ್ನು ತೊಳೆದು, ವಿಭೂತಿ ಹಚ್ಚಿ, ಮಗ್ಗದ ಮೇಲಿಟ್ಟು ಪೂಜೆ ಮಾಡುತ್ತಿದ್ದರು. "ಮಲ್ಲಪ್ಪಜ್ಜನ ಹೆಸರಿಲೆ" ಎಂದು ದೊಡ್ಡಪ್ಪ ಗಟ್ಟಿಯಾಗಿ ಹೇಳಿ ಕಾಯಿ ಒಡೆಯುತ್ತಿದ್ದ. ಮನೆಮಂದಿಯೆಲ್ಲ ಕೈಮುಗಿದು ಹತ್ತಿರ ನಿಂತಿದ್ದರೆ ಆಯಿ ಮಾತ್ರ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಯಾಕೆಂದು ಕೇಳಿದರೆ ಊದಿನಕಡ್ಡಿಯ ಹೊಗೆ ಆಗುವುದಿಲ್ಲ ಅನ್ನುತ್ತಿದ್ದಳು. ದಿನಾ ಹಸಿ ಕಟ್ಟಿಗೆಯ ಒಲೆಯ ಮುಂದೆ ಕೂತವಳಿಗೆ ಊದಿನಕಡ್ಡಿ ಹೊಗೆ ಆಗುವುದಿಲ್ಲವೆಂದರೆ ನಾನೂ ನಂಬಿರಲಿಲ್ಲ.

ಆ ವರ್ಷ ದೊಡ್ಡಪ್ಪ ಪವರ್‌ಲೂಮು ಹಾಕುವುದೆಂದು ನಿರ್ಧಾರ ಮಾಡಿದ. ಒಳಕೋಣೆ ಕತ್ತಲು ಕೋಣೆ, ಜೋಳದ ಚೀಲ, ಮುರಿದ ರಾಟಿ ಇಡುವ ಜಾಗ. ಅದನ್ನೇ ಖಾಲಿ ಮಾಡಿ, ನೆಲಕ್ಕೆ ಕಾಂಕ್ರೀಟು ಹಾಕಿ, ಮಾನೌಮಿಗೆ ಹೊಸ ಮಗ್ಗದ ಪೂಜೆ ಮಾಡುವುದು. ಹೊರಗೆ ತೂಗುಹಾಕಲು ಮಲ್ಲಪ್ಪಜ್ಜನ ಹೆಸರಿನ ಬೋರ್ಡು ಬರೆಯಲು ಕೊಟ್ಟೂ ಆಗಿತ್ತು. ಗಣಪತಿ ಕಳಿಸಿದ ಮೇಲೆ ಆಳುಗಳು ಬಂದು ನೆಲದ ಫರಸಿ ಕಲ್ಲು ಕಿತ್ತರು. ಮೂಲೆಯ ಫರಸಿ ಎತ್ತಿದಾಗ ಕೆಳಗೆ ಗಟ್ಟಿ ನೆಲವಿರಲಿಲ್ಲ. ಹಾರೆ ಹಾಕಿದರೆ ಬುಸ್ಸೆಂದು ಬೂದಿ ಎದ್ದಿತು.

ಬೂದಿ, ಹೆಂಚಿನ ಚೂರು, ಗೋಡೆಯ ಮಣ್ಣು. ತೆಗೆದಷ್ಟೂ ಇಳಿಯಿತು. ಅದು ಮಗ್ಗದ ಕುಣಿ ಎಂದು ಮೊದಲು ಹೇಳಿದವನು ದೊಡ್ಡಪ್ಪನೇ. ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟು ಹಲಗೆ ತುಳಿಯುವ ಕುಣಿ ಕಂಡರೆ ನೇಕಾರನಿಗೆ ಗೊತ್ತಾಗದೇ ಇರುತ್ತದೆಯೇ? ಆದರೆ ಅವನಿಗೇ ಆಶ್ಚರ್ಯ. "ಇಲ್ಲಿ ಮಗ್ಗ ಇತ್ತಂತ ಯಾರೂ ಹೇಳಿಲ್ಲಲಾ! ಯವ್ವಾ, ನಿನಗೇನರ ಗೊತ್ತೈತೇನ ಬೇ?" ಎಂದು ಕೂಗಿ ಕೇಳಿದ. ಆಯಿ ಜೋಳ ಹಸನು ಮಾಡುತ್ತಿದ್ದಳು. ಕೇಳಿಸದವರ ಹಾಗೆ ಮೊರ ಆಡಿಸುತ್ತಲೇ ಇದ್ದಳು.

ಸಾಲಿ ಬಿಟ್ಟು ಬಂದ ಮಾಸ್ತರರು ಚೀಲ ಬಗಲಲ್ಲೇ ಇಟ್ಟುಕೊಂಡು ಕುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಅಣ್ಣಾರ, ಕಾಂಕ್ರೀಟ ಹಾಕೂದು ಹಾಕ್ರಿ. ಅದಕ್ಕಿಂತ ಮೊದಲ ಈ ಮಣ್ಣ ನನಗ ಕೊಡ್ರಿ" ಅಂದರು. ದೊಡ್ಡಪ್ಪ ನಕ್ಕು, "ಮಣ್ಣ ತಗೊಂಡ ಏನ ಮಾಡ್ತೀರಿ? ಹೊತ್ತೊಯ್ಯಾಕ ನೀವ ಆಳ ಆದ್ರ ಛಲೋನ ಆತು" ಅಂದ.

ಹೀಗೆ ಸಾಲಿ ಬಿಟ್ಟ ಮೇಲಿನ ನನ್ನ ಆ ಸಂಜೆಗಳು ಜರಡಿ ಹಿಡಿಯುವುದರಲ್ಲಿ ಕಳೆದವು. ಅವ್ವನ ಹಳೆಯ ಹಿಟ್ಟಿನ ಜರಡಿ, ಬಾಯಿಗೆ ಕಟ್ಟಿಕೊಂಡ ವಸ್ತ್ರ, ಮೂಗಿನೊಳಗೆ ಬೂದಿ. ನಡುನಡುವೆ ಅವ್ವ ಕೊಟ್ಟ ಚುರಮುರಿ, ಶೇಂಗಾ. ಮಾಸ್ತರರು ಮೇಲಿನ ಬೂದಿಯನ್ನು ಬೇರೆ ಗುಂಪಿಗೆ ಹಾಕಿಸಿದರು, ತಳದ ಮಣ್ಣನ್ನು ಬೇರೆ. ಎರಡೂ ಕೂಡಬಾರದೆಂದು ಕಟ್ಟುನಿಟ್ಟು. "ಮ್ಯಾಲಿಂದು ಕುಣಿ ಮುಚ್ಚಿದವ್ರು ಒಗದದ್ದು. ತಳದಾಗಿಂದು ಕುಣಿಯೊಳಗ ಕುಂತವ್ರು ಬಿಟ್ಟದ್ದು" ಎಂದು ತಿಳಿಸಿ ಹೇಳಿದರು. ಮೇಲಿನ ಬೂದಿಯಲ್ಲಿ ಏನೂ ಸಿಗಲಿಲ್ಲ. ತಳದ ಮಣ್ಣು ಕಾಲು ತುಳಿದು ತುಳಿದು ಕಲ್ಲಾಗಿತ್ತು. ಅದನ್ನು ಮೊಳೆಯಿಂದ ಕೆದರುತ್ತ ಹೋದಾಗ ಒಂದು ಬಳೆಚೂರು ಸಿಕ್ಕಿತು.

ಬಳೆಚೂರಿನ ವಿಷಯದಲ್ಲಿ ಆಗ ನನ್ನಷ್ಟು ಬಲ್ಲವರು ಓಣಿಯಲ್ಲಿ ಇರಲಿಲ್ಲ. ನೆಲಕ್ಕೆ ಚೆಲ್ಲಿ, ಬೇರೆ ಚೂರು ಅಲುಗದಂತೆ ಒಂದೊಂದನ್ನೇ ಎತ್ತುವ ಆಟ ನಮ್ಮದು. ಚೂರುಗಳನ್ನು ದೀಪಕ್ಕೆ ಹಿಡಿದು ಬಗ್ಗಿಸಿ ಸರ ಮಾಡುತ್ತಿದ್ದೆವು, ಬೆರಳು ಸುಟ್ಟುಕೊಳ್ಳುತ್ತಿದ್ದೆವು. ನನ್ನ ಡಬ್ಬಿಯಲ್ಲಿದ್ದವು ತೆಳು, ಮಿರಿಮಿರಿ ಮಿಂಚುವಂಥವು. ಇದು ದಪ್ಪ, ಒಳಗೆ ಗುಳ್ಳೆ ಇದ್ದ ಹಸಿರು. ಮರುದಿನ ಒಂದು ಕೆಂಪು ಸಿಕ್ಕಿತು, ಆಮೇಲೆ ಒಂದು ಕಪ್ಪು, ಮತ್ತೆ ಹಸಿರು. ಒಂದೇ ಕಡೆ ಅಲ್ಲ, ಕುಣಿಯ ತಳದಲ್ಲೆಲ್ಲ ಅಲ್ಲೊಂದು ಇಲ್ಲೊಂದು. ಮಾಸ್ತರರು ಅವನ್ನು ತೊಳೆದು ತಗಡಿನ ಡಬ್ಬಿಯಲ್ಲಿಟ್ಟುಕೊಂಡರು.

ಆ ಸಂಜೆ ದೊಡ್ಡಪ್ಪ ಬಂದು ನೋಡಿ, "ಇದಕ್ಕೇನ್ರಿ ಇಷ್ಟ? ಈ ಹುಡಿಗಿ ಆಡಾಕ ಒಗದಿದ್ದ ಬಳಿಚೂರ ಅವು" ಅಂದ.

"ಫರಸಿ ಹಾಸಿದಾಗ ಇಕಿ ಹುಟ್ಟಿದ್ಲೇನ್ರಿ ಅಣ್ಣಾರ?" ಎಂದರು ಮಾಸ್ತರರು.

"ನಾನೂ ಹುಟ್ಟಿದ್ದಿಲ್ಲ" ಅಂದ ದೊಡ್ಡಪ್ಪ.

ಮಾಸ್ತರರು ಮೆತ್ತಗೆ, "ಸಿಟ್ಟಾಗಬ್ಯಾಡ್ರಿ, ಒಂದೀಟ ಇದರಾಗ ಇಳದ ಕುಂಡ್ರಿ" ಅಂದರು. ದೊಡ್ಡಪ್ಪನಿಗೆ ಮಲ್ಲಪ್ಪಜ್ಜನ ಎತ್ತರವೇ ಬಂದಿದೆ ಎಂದು ಊರೆಲ್ಲ ಹೇಳುತ್ತಿತ್ತು. ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಮೊಣಕಾಲು ಎದೆಗೆ ಬಂದವು. ಹಲಗೆ ತುಳಿಯುವುದಿರಲಿ, ಕಾಲು ಅಲುಗಿಸಲೂ ಆಗಲಿಲ್ಲ. ನನಗೆ ನಗು ಬಂದಿತು, ಅವ್ವ ಚಿವುಟಿದಳು. ಆಮೇಲೆ ಮಾಸ್ತರರು ಅವ್ವನ ಕಡೆ ನೋಡಿದರು. ಅವ್ವ ಗಿಡ್ಡ ಹೆಂಗಸು. ಮೊದಲು ಒಲ್ಲೆನೆಂದಳು. ನಾನು ಕೈಹಿಡಿದು ಎಳೆದ ಮೇಲೆ ಸೀರೆ ಸರಿಮಾಡಿಕೊಂಡು ಕೂತಳು. ತಳದಲ್ಲಿ ಹಿಮ್ಮಡಿ ಊರಿ ಊರಿ ಸವೆದ ಎರಡು ತಗ್ಗುಗಳಿದ್ದವು. ಅವ್ವನ ಹಿಮ್ಮಡಿಗಳು ಸೀದಾ ಹೋಗಿ ಆ ತಗ್ಗುಗಳಲ್ಲಿ ಕೂತವು. ಅವ್ವ ಮೇಲೆ ಏಳುವುದನ್ನೂ ಮರೆತು ಹಾಗೇ ಕೂತಿದ್ದಳು.

ಹೆಂಗಸರು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಬೇಕು, ಗಂಜಿ ಕಾಸಬೇಕು, ಮಗ್ಗಕ್ಕೆ ಗಂಡಸರೇ ಕೂಡಬೇಕು. ಆಗ ನಮ್ಮ ಮನೆಯ ನೇಮ ಅದು. ಬೇರೆ ಮನೆಗಳಲ್ಲಿ ಹೆಂಗಸರೂ ನೇಯುತ್ತಿದ್ದರು, ಅದಕ್ಕೆ ನಮ್ಮವರು ಒಂಥರಾ ಮೂಗು ಮುರಿಯುತ್ತಿದ್ದರು. ಬಡತನದ ಗುರುತು ಅನ್ನುವಂತೆ. ಆದ್ದರಿಂದ ದೊಡ್ಡಪ್ಪನ ಮುಖ ಕೆಂಪಾದದ್ದರಲ್ಲಿ ಆಶ್ಚರ್ಯವಿರಲಿಲ್ಲ. "ನಮ್ಮ ಮನ್ಯಾಗ ಹೆಣ್ಣಮಕ್ಕಳು ಮಗ್ಗಕ್ಕ ಕುಂತಿಲ್ಲ. ಬಳಿ ಸಿಕ್ಕೂ ಅಂದ್ರ ಏನಾತು? ಅಜ್ಜ ಸತ್ತಾಗ ಅಜ್ಜಿ ಬಳಿ ಒಡದ ಇಲ್ಲೇ ಒಗದಿರಬೇಕು" ಅಂದ.

ಮಾಸ್ತರರು ಅದಕ್ಕೂ ಉತ್ತರ ಹೇಳಲು ಹೊರಟಿದ್ದರು. ಹಾಗೆ ಒಡೆದ ಬಳೆ ಒಂದೇ ಕಡೆ ರಾಶಿಯಾಗಿ ಸಿಗಬೇಕಲ್ಲ, ಹಿಂಗೆ ಬೇರೆ ಬೇರೆ ಬಣ್ಣದ ಒಂದೊಂದು ಚೂರು ತಳದ ಮಣ್ಣಿನಲ್ಲಿ ಹೂತು ಹೇಗೆ ಹೋದೀತು, ಎಂದು. ಆದರೆ ಅವರ ಮಾತು ಮುಗಿಯಲಿಲ್ಲ. ಬಾಗಿಲಲ್ಲಿ ಆಯಿ ನಿಂತಿದ್ದಳು. ಮೊರ ಹಿಡಿದುಕೊಂಡೇ ಬಂದಿದ್ದಳು.

"ಏನಂದಿ? ಆಕಿ ಬಳಿ ಒಡದ್ರು ಅಂದಿ? ಬಾಯಿಗೆ ಬಂದಂಗ ಮಾತಾಡಬ್ಯಾಡ. ನಮ್ಮತ್ತಿ ಮುತ್ತೈದಿಯಾಗಿ ಹ್ವಾದಾಕಿ. ಹಸರ ಬಳಿ ತೊಟ್ಟ, ಹಣಿತುಂಬ ಕುಂಕಮ ಇಟ್ಟ ಕಳಸೀನಿ ಈ ಕೈಲೆ. ನಿಮ್ಮಜ್ಜ ಆಕಿ ಹಿಂದ ಇನ್ನೂ ಕೆಲ ವರ್ಷ ಇದ್ದ, ನೀ ಹುಟ್ಟೂದಕ್ಕಿಂತ ಮೊದಲ ಹ್ವಾದ."

ಅಷ್ಟು ವರ್ಷ ಬಾಯಿ ಬಿಡದ ಆಯಿ ಆ ಒಂದು ಮಾತಿಗೆ ಬಾಯಿಬಿಟ್ಟಳು. ಮುತ್ತೈದೆಯಾಗಿ ಹೋದ ಅತ್ತೆಯನ್ನು ತನ್ನ ಮಗ ವಿಧವೆ ಮಾಡಿದ್ದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಒಮ್ಮೆ ಬಾಯಿ ಬಿಟ್ಟ ಮೇಲೆ ಮಿಕ್ಕದ್ದೂ ಬಂದಿತು. ಮೊರವನ್ನು ನೆಲಕ್ಕಿಟ್ಟು, ಗೋಡೆಗೆ ಒರಗಿ ಕೂತು ಹೇಳಿದಳು. ಮಲ್ಲಪ್ಪಜ್ಜನಿಗೆ ಒಂದು ಜ್ವರ ಬಂದು ಹೋದ ಮೇಲೆ ಕೈನಡುಕ ಹತ್ತಿತಂತೆ. ನೂಲು ಹಿಡಿದರೆ ಹರಿಯುತ್ತಿತ್ತು. ಓಣಿಗೆ ಗೊತ್ತಾದರೆ ನೇಯಲು ನೂಲು ಕೊಡುವವರು ಕೊಡುವುದಿಲ್ಲ, ಮನೆ ಉಪವಾಸ. ಅದಕ್ಕೆ ಒಳಕೋಣೆಯಲ್ಲಿ ಗುಟ್ಟಾಗಿ ಕುಣಿ ತೋಡಿದರು. ಅದರಲ್ಲಿ ಆಯಿಯ ಅತ್ತೆ ಕೂತಳು.

"ಹೊರಗ ಬಾಗಲಾ ಹಾಕಿರತಿತ್ತು. ಮಂದಿ ಕೇಳಿದ್ರ, ಮಾವಾರು ಒಳಗ ನೇಯಾಕತ್ತಾರ, ಮಾತಾಡಸಬ್ಯಾಡ್ರಿ ಅಂತ ನಾ ಹೇಳಬೇಕು. ಆಕಿ ನೇಯಾಕಿ, ಮಾವಾರು ಪಕ್ಕದಾಗ ಕುಂತ ರಾಟಿ ತಿರವಿ ಕಂಡಿಕಿ ಸುತ್ತಾವ್ರು. ಕೈ ನಡಗಿದ್ರೂ ರಾಟಿ ತಿರಗತಿತ್ತಲಾ. ಸೀರಿ ಜಮಖಂಡಿಗೆ ಒಯ್ದಾಗ ಮಂದಿ ಹೊಗಳಿದ್ರ, ಹೂಂ ಅಂದ ಬರಾವ್ರು. ಬಂದ ದಿನ ಊಟ ಮಾಡತಿದ್ದಿಲ್ಲ. ಆಕಿನ ಬೈದ ಉಣಸಾಕಿ."

"ಅಜ್ಜ ಕಂಡಿಕಿ ಸುತ್ತತಿದ್ದ?" ದೊಡ್ಡಪ್ಪನ ದನಿ ಬದಲಾಗಿತ್ತು.

"ಹೂಂ. ಆಕಿ ಹ್ವಾದ ಮ್ಯಾಲ ಈ ಕುಣಿನ ತಾನ ಮುಚ್ಚಿದ. ಒಲಿಬೂದಿ ಹೊತ್ತ ತಂದ ತಂದ ಹಾಕಿದ. ಯಾರಿಗೂ ಹೇಳಬ್ಯಾಡ ತಂಗೀ ಅಂತ ನನ್ನ ಕಡಿಂದ ಮಾತ ತಗೊಂಡ."

ದೊಡ್ಡಪ್ಪ ಎದ್ದು ಅಂಗಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. "ವಯಸ್ಸಾದ ಮಂದಿ, ಏನೇನೋ ನೆನಸ್ಕೊಂಡ ಹೇಳ್ತಾರ" ಎಂದು ಬಾಗಿಲಲ್ಲಿ ಅಂದದ್ದು ಕೇಳಿಸಿತು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ನನಗೆ ಮಾಸ್ತರರ ಮೇಲೆ ಸಿಟ್ಟು ಬಂದಿತ್ತು. ಅವರು ಮಣ್ಣು ಕೆದರದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು ಅನಿಸಿತ್ತು. ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಮರುದಿನ ಮುಂಜಾನೆ ಕಾಂಕ್ರೀಟಿನವರು ಬರುವುದಿತ್ತು. ನಾನು ಎದ್ದು ಬಂದಾಗ ದೊಡ್ಡಪ್ಪ ಒಬ್ಬನೇ ಕುಣಿಯೊಳಗೆ ಇಳಿದು ಗೋಡೆ ತಡವುತ್ತಿದ್ದ. ನೇಕಾರರು ಕೂತಲ್ಲೇ ಕೈಗೆ ಸಿಗುವಂತೆ ಕುಣಿಯ ಗೋಡೆಯಲ್ಲಿ ಸಣ್ಣ ಗೂಡು ಮಾಡಿ ಅದರಲ್ಲಿ ಕಂಡಿಕೆ ಇಟ್ಟುಕೊಳ್ಳುತ್ತಾರೆ. ಮಾಸ್ತರರಿಗಾಗಲಿ ನನಗಾಗಲಿ ಅದು ಹೊಳೆದಿರಲಿಲ್ಲ. ಬಲಗಡೆ ಮಣ್ಣು ಮೆತ್ತಿಕೊಂಡಿದ್ದ ಗೂಡಿಗೆ ಅವನು ಬೆರಳು ಹಾಕಿದ. ಒಂದು ಕಂಡಿಕೆ ಹೊರಗೆ ಬಂದಿತು. ಮೇಲಿನ ನೂಲು ಮುಟ್ಟಿದರೆ ಪುಡಿಯಾಗುತ್ತಿತ್ತು. ಅವನು ಉಗುರಿನಿಂದ ಸುತ್ತು ಸುತ್ತಾಗಿ ಬಿಡಿಸಿದ. ಗಾಳಿ ತಾಗದ ಒಳಗಿನ ಸುತ್ತಿನಲ್ಲಿ ಬಣ್ಣ ಇನ್ನೂ ಉಳಿದಿತ್ತು.

ಅವನೇ ಹೋಗಿ ಆ ಧೋತರದ ಗಂಟು ತಂದು ಬಿಚ್ಚಿದ. ಸೀರೆಯ ದಡಿಯನ್ನು ತಲಬಾಗಿಲ ಬೆಳಕಿಗೆ ಹಿಡಿದು, ಅದರ ಮೇಲೆ ಆ ನೂಲಿನ ಎಳೆ ಇಟ್ಟ. ಬಹಳ ಹೊತ್ತು ನೋಡಿದ. ಆ ಎತ್ತರದ ಬಾಗಿಲಿನಿಂದ ಬೆಳಕು ಧಾರಾಳವಾಗಿ ಬರುತ್ತಿತ್ತು.

"ಒಂದ ಬಣ್ಣ" ಅಂದ. ಯಾರಿಗೆ ಅಂದನೋ ಗೊತ್ತಿಲ್ಲ, ನಾನು ಮಾತ್ರ ಅಲ್ಲಿದ್ದೆ. ಆಮೇಲೆ ಸೀರೆ ಮಡಿಸಿಟ್ಟ. ಕಾಂಕ್ರೀಟಿನವರು ಬಂದಾಗ ಬೇಡವೆನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುಣಿ ಇದ್ದ ಜಾಗ ತಿಳಿಯದಂತಾಗಿತ್ತು. ಮಾಸ್ತರರು ಸಾಲಿಯಿಂದ ಬಂದು ನೋಡಿ, ಮಾಳಿಗೆ ಮೆಟ್ಟಿಲು ಹತ್ತಿ ಹೋದರು.

ಖಂಡೇಪೂಜೆಯ ದಿನ ಮನೆ ತುಂಬ ಹೂರಣ ಬೇಯುವ ವಾಸನೆ. ಹೊಸ ಪವರ್‌ಲೂಮಿಗೆ ಬಾಳೆಕಂಬ, ಚೆಂಡುಹೂ. ಅದರ ಮುಂದೆ ಮಣೆಯ ಮೇಲೆ ಮಲ್ಲಪ್ಪಜ್ಜನ ಲಾಳಿ. ಪಕ್ಕದಲ್ಲಿ ಆ ಕಂಡಿಕೆಯೂ ಇತ್ತು, ಅದಕ್ಕೂ ವಿಭೂತಿ ಹಚ್ಚಿತ್ತು. ಆಯಿ ಎಂದಿನಂತೆ ಹೊಸ್ತಿಲಾಚೆ. ದೊಡ್ಡಪ್ಪ, "ಮಲ್ಲಪ್ಪಜ್ಜನ ಹೆಸರಿಲೆ" ಎಂದು ಕಾಯಿ ಒಡೆದ. ಎಲ್ಲರೂ ಕೈಮುಗಿದರು. ಮುಗಿಯಿತೆಂದುಕೊಂಡಾಗ ಅವನು ಬುಟ್ಟಿಯಿಂದ ಎರಡನೆಯ ಕಾಯಿ ತೆಗೆದ. ನಮ್ಮ ಮನೆಯಲ್ಲಿ ಎರಡನೆಯ ಕಾಯಿ ಒಡೆದದ್ದನ್ನು ಯಾರೂ ಕಂಡಿರಲಿಲ್ಲ. ಕಾಯಿ ಎತ್ತಿದ ಕೈ ಹಾಗೇ ನಿಂತಿತು.

"ಯವ್ವಾ, ಹೆಸರ ಹೇಳ ಬೇ. ಆಕಿದು."

ಆಯಿ ತಲೆ ಅಲ್ಲಾಡಿಸಿದಳು. ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರಬಾರದು, ಅದಕ್ಕೇ ಹೇಳುತ್ತಿಲ್ಲವೆಂದು ನಾವೆಲ್ಲ ತಿಳಿದೆವು. ಅವ್ವ ಹತ್ತಿರ ಹೋಗಿ, "ಇವತ್ತೊಂದಿನ ಹೇಳಿಬಿಡ್ರಿ ಅತ್ತಿ. ಏನೂ ಆಗಂಗಿಲ್ಲ. ಕಿವ್ಯಾಗರ ಹೇಳ್ರಿ" ಅಂದಳು.

"ನನಗ ಗೊತ್ತಿಲ್ಲವಾ" ಅಂದಳು ಆಯಿ.

ಯಾರಿಗೂ ಅರ್ಥವಾಗಲಿಲ್ಲ. "ಗೊತ್ತಿಲ್ಲ ಅಂದ್ರ?" ದೊಡ್ಡಪ್ಪ ಕೇಳಿದ.

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲೋ. ಮಾವಾರು ಆಕಿನ್ನ 'ಇಕಿನ' ಅಂತ ಕರೀತಿದ್ರು. ಓಣ್ಯಾನ ಮಂದಿ ಚಿಮ್ಮಡದಾಕಿ ಅಂತಿದ್ರು. ಆಕಿ ತವರ ಚಿಮ್ಮಡ. ನಿಮ್ಮಪ್ಪ ಅವ್ವ ಅಂದ, ನಾ ಅತ್ತಿ ಅಂದೆ. ಹೆಸರ ಹಿಡದ ಯಾರ ಕರದ್ರು, ನಾ ಕೇಳಾಕ?"

"ಒಂದ ಮನ್ಯಾಗ ಇಷ್ಟ ವರ್ಷ ಇದ್ರಿ. ನೀನ ಕೇಳಲಿಲ್ಲೇನ ಬೇ?"

"ನಿಮ್ಮ ಹೆಸರೇನ್ರಿ ಅಂತ ಅತ್ತೀನ ಸೊಸಿ ಹೆಂಗ ಕೇಳಬೇಕೋ ಯಪ್ಪಾ?" ಎಂದು ಆಯಿ ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ಅಳು ಬಂದಿತು.

ಕಡೆಗೆ ದೊಡ್ಡಪ್ಪನೇ, "ಚಿಮ್ಮಡದಾಕಿ ಹೆಸರಿಲೆ" ಎಂದು ಕಾಯಿ ಒಡೆದ. ಅವನ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡು, ಹೊಸ್ತಿಲು ದಾಟಿ ಬಂದು, ಲಾಳಿಯ ಪಕ್ಕದ ಕಂಡಿಕೆಗೆ ಕೈಮುಗಿದಳು. ಊದಿನಕಡ್ಡಿಯ ಹೊಗೆ ಅವಳಿಗೆ ಏನೂ ಮಾಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವ್ವ, ನಾನು, ಮಾಸ್ತರರು ಬಸ್ಸು ಹಿಡಿದು ಚಿಮ್ಮಡಕ್ಕೆ ಹೋದೆವು. ತವರಿನಲ್ಲಾದರೂ ಯಾರಿಗಾದರೂ ಗೊತ್ತಿರಬಹುದೆಂದು ಮಾಸ್ತರರ ಆಸೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ನಮ್ಮನ್ನು ಕೂಡಿಸಿಕೊಂಡು ನೀರು, ಬೆಲ್ಲ ಕೊಟ್ಟಳು. ಹಿಂದೆ ಮಗ್ಗದವರ ಮನೆಗಳಿದ್ದದ್ದು ಖರೆ, ಅವರು ಸೊಲ್ಲಾಪುರಕ್ಕೋ ಇಚಲಕರಂಜಿಗೋ ಹೋಗಿಬಿಟ್ಟರು, ಆ ಜಾಗದಲ್ಲಿ ಈಗ ದನದ ಕೊಟ್ಟಿಗೆ ಎಂದಳು. "ಬನಹಟ್ಟಿಗೆ ಭಾಳ ಹೆಣ್ಣ ಕೊಟ್ಟೀವ್ರಿ ಈ ಊರಿಂದ. ನಿಮ್ಮಾಕಿ ಹೆಸರೇನು ಹೇಳ್ರಿ, ನೆನಸ್ತೀನಿ" ಅಂದಳು. ಆ ಹೆಸರು ಕೇಳಲೆಂದೇ ನಾವು ಅಲ್ಲಿಗೆ ಹೋಗಿದ್ದೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಇಳಿಯುವ ಹೊತ್ತಿಗೆ ಮಾಸ್ತರರು ನನಗಂದರು, "ಆಕಿ ಎಷ್ಟ ಎತ್ತರಿದ್ಲು ಗೊತ್ತಾತು, ಯಾವ ಬಣ್ಣದ ಬಳಿ ತೊಡತಿದ್ಲು ಗೊತ್ತಾತು, ಹಿಮ್ಮಡಿ ಎಲ್ಲಿ ಊರತಿದ್ಲು ಅನ್ನೂದೂ ಗೊತ್ತಾತು. ಇಷ್ಟ ಸಿಗೂದ ಭಾಳವಾ." ಹಾಗಂದರೂ ಅವರ ಮುಖ ಬಾಡಿತ್ತು.

ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಬಲ್ಲ ವಿದ್ವಾಂಸರಿಗೆ ತೋರಿಸುತ್ತೇನೆಂದು ಬಳೆಚೂರಿನ ಡಬ್ಬಿಯನ್ನು ಟ್ರಂಕಿನಲ್ಲಿ ಹಾಕಿಕೊಂಡು ಹೋದರು. ಆಮೇಲೆ ಅವರ ಸುದ್ದಿಯಿಲ್ಲ, ಡಬ್ಬಿಯದೂ ಇಲ್ಲ. ಹೊಸ ಬೋರ್ಡಿನಲ್ಲಿ ಮಲ್ಲಪ್ಪಜ್ಜನ ಹೆಸರೇ ಉಳಿಯಿತು. ಪವರ್‌ಲೂಮು ಶುರುವಾದ ಮೇಲೆ ಓಣಿಯಲ್ಲಿ ಎಲ್ಲರೂ ಕೂಗಿ ಮಾತಾಡುವುದನ್ನು ಕಲಿತೆವು. ಆದರೂ ದೊಡ್ಡಪ್ಪ ಇರುವವರೆಗೆ ಖಂಡೇಪೂಜೆಗೆ ಎರಡು ಕಾಯಿ ತಪ್ಪಲಿಲ್ಲ, ಎರಡನೆಯದನ್ನು ಮಾತ್ರ ಯಾರ ಹೆಸರೂ ಹೇಳದೆ ಒಡೆಯುತ್ತಿದ್ದ.

ಆಯಿ ಹೋದಳು, ದೊಡ್ಡಪ್ಪ ಹೋದ, ನಾಲ್ಕು ವರ್ಷದ ಹಿಂದೆ ಅವ್ವನೂ ಹೋದಳು. ಕಂಡಿಕೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಪವರ್‌ಲೂಮುಗಳೂ ಹಳೆ ಕಬ್ಬಿಣದ ಅಂಗಡಿ ಸೇರಿದವು. ಒಳಕೋಣೆಯನ್ನು ದೊಡ್ಡಪ್ಪನ ಮಗ ಈರಣ್ಣ ಗೊಬ್ಬರದ ಚೀಲ ಇಡಲು ಬಾಡಿಗೆಗೆ ಕೊಟ್ಟಿದ್ದಾನೆ. ಎತ್ತರದ ತಲಬಾಗಿಲನ್ನು ತೆಗೆಸಿ ಶಟರ್ ಹಾಕಿಸಿದ್ದಾನೆ. ಅವನ ಮೇಲೆ ನನಗೇನೂ ಸಿಟ್ಟಿಲ್ಲ, ಸಿಟ್ಟು ಮಾಡುವಷ್ಟು ಶಕ್ತಿ ಉಳಿದಿಲ್ಲ. ಆ ಕುಣಿಯನ್ನು ಕಣ್ಣಾರೆ ಕಂಡ ಮನೆಮಂದಿಯಲ್ಲಿ ಈಗ ಇರುವವಳು ನಾನೊಬ್ಬಳೇ. ಪರೀಕ್ಷೆಯಲ್ಲಿ ಬರೆದರೆ ನಾನೊಂದು ಮೌಖಿಕ ಆಧಾರ, ಅದೂ ಆಗ ಹತ್ತು ತುಂಬಿರದ ಹುಡುಗಿಯ ನೆನಪು. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಅಷ್ಟಕ್ಕೇ ನಂಬಬೇಡಿ ಎಂದು ನಾನೇ ಮಕ್ಕಳಿಗೆ ಹೇಳುತ್ತಿದ್ದೆ.

ಈ ಸಲ ಮಾನೌಮಿಗೆ ಬನಹಟ್ಟಿಗೆ ಹೋಗಿದ್ದೆ. ಮುಧೋಳದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಮೊಣಕಾಲು ಹಿಡಿದಿದ್ದವು. ಈರಣ್ಣ ಮೋಟಾರ್‌ಸೈಕಲ್ಲಿಗೆ ಹೂ ಹಾಕಿ, ಲಾಳಿಯನ್ನೂ ಅದರ ಮುಂದಿಟ್ಟು, ಒಂದು ಕಾಯಿ ಒಡೆದ. ನಾನು ಎರಡನೆಯದಕ್ಕೆ ಕಾದೆ. ಅವನು ಆಗಲೇ ಮೊಬೈಲು ಹಿಡಿದು ಹೊರಗೆ ಹೋಗಿದ್ದ.

ಅವನ ಹೆಂಡತಿ ಸವಿತಾಳನ್ನು ಕೇಳಿದೆ. "ಮೊದಲ ಎರಡ ಒಡೀತಿದ್ರಂತ್ರಿ ಅಕ್ಕಾರ. ಎರಡನೇದು ಯಾರಿಗಂತ ಯಾರಿಗೂ ಗೊತ್ತಿಲ್ರಿ. ಹಿಂಗಾಗಿ ಬಿಟ್ಟೀವಿ" ಅಂದಳು ಅವಳು, ಹೋಳಿಗೆ ತಿರುವುತ್ತ.

ಅವರ ಮಗಳು ಜಮಖಂಡಿಯಲ್ಲಿ ಕಾಲೇಜು ಓದುತ್ತಾಳೆ. ನನ್ನ ಪಕ್ಕ ಬಂದು ಕೂತು, "ಯಾರಿಗಿತ್ರಿ ಅತ್ತಿ ಅದು?" ಅಂದಳು. ಹೇಳಿದೆ. ಒಳಕೋಣೆಯಲ್ಲಿ ಒಬ್ಬ ಹೆಂಗಸು ಕೂತು ನೇಯುತ್ತಿದ್ದಳು, ಮಲ್ಲಪ್ಪಜ್ಜನದೆಂದು ಹೇಳುವ ಸೀರೆ ಅವಳದು, ಅಂದೆ.

"ನಿಮಗ ಹೆಂಗ ಗೊತ್ತ್ರಿ?"

ಇಷ್ಟು ವರ್ಷ ಪಾಠ ಹೇಳಿದೆ, ಒಂದು ಮಗುವೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಒಂದು ಗಳಿಗೆ ದಣಿವೆಲ್ಲ ಇಳಿದಂತಾಯಿತು. ಬೂದಿ, ಬಳೆಚೂರು, ಅವ್ವನ ಹಿಮ್ಮಡಿ, ಕಂಡಿಕೆಯ ಒಳಸುತ್ತಿನ ಬಣ್ಣ, ಎಲ್ಲವನ್ನೂ ಬಿಡದೆ ಹೇಳಿದೆ. ಅವಳು ಬಾಯಿ ತೆರೆದು ಕೇಳಿದಳು. ಸವಿತಾ ಒಲೆ ಆರಿಸಿ ಬಂದು ನಿಂತಳು.

"ಮುಂದಿನ ವರ್ಷದಿಂದ ನಾವೂ ಎರಡ ಒಡಿಯೂಣ ಯವ್ವಾ" ಅಂದಳು ಹುಡುಗಿ. ಮೊಬೈಲು ತೆಗೆದು ಬೆರಳು ಸಿದ್ಧ ಮಾಡಿಕೊಂಡಳು. "ಮರತ ಹೋಗತೈತಿ, ಬರಕೊತೀನಿ. ಅವರ ಹೆಸರೇನ್ರಿ ಅತ್ತಿ?"

"ಚಿಮ್ಮಡದಾಕಿ."

"ಅದು ಊರ ಆತಲ್ರಿ. ಹೆಸರು?"

ಅವಳ ಹೆಬ್ಬೆರಳು ಮೊಬೈಲಿನ ಮೇಲೆ ಕಾಯುತ್ತಿತ್ತು. "ಗೊತ್ತಿಲ್ಲವಾ" ಅಂದೆ. ಅವಳು ಮೊಬೈಲನ್ನು ಮತ್ತೆ ಕಿಸೆಗೆ ಹಾಕಿಕೊಂಡಳು.